ಹೊಳೆ ದಾಟಿ ಬಂದ ಮಾತು

“ಬಾಯಾರ, ಹ್ಯಾಂಡಲ್ ಇಷ್ಟ ಬಿಗದ ಹಿಡದ್ರ ಕೈ ಸೋಲತಾವ್ರಿ. ಸೈಕಲ್ ಹಿಡದಂಗ ಹಗೂರ ಹಿಡೀರಿ.”

“ನಾ ಸೈಕಲ್ಲೂ ಹೊಡದಾಕಿ ಅಲ್ಲೋ, ದಶರಥ.”

ಹಿಂದೆ ಕೂತಿದ್ದ ದಶರಥನಿಗೆ ನಗು ಬಂತು. ಒಂಬತ್ತು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು. ನಕ್ಕ ತಪ್ಪಿಗೆ ತಾನೇ ನಾಚಿಕೊಂಡವನಂತೆ ತಲೆ ತಗ್ಗಿಸಿದ.

ಸುಹಾಸಿನಿಬಾಯಿ ಅರವತ್ತೆರಡನೆಯ ವಯಸ್ಸಿಗೆ ಮೊದಲ ಸಲ ಚೂಡಿದಾರ ತೊಟ್ಟು, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೀಟು ಬಿಗಿದುಕೊಂಡು, ಕೃಷ್ಣಾ ಹೊಳೆಯಲ್ಲಿ ಜೆಟ್ ಸ್ಕೀ ಹತ್ತಿ ಕೂತಿದ್ದರು. ಜಮಖಂಡಿಯ ಅವರ ಓಣಿಯವರು ಯಾರಾದರೂ ಕಂಡಿದ್ದರೆ ಆ ಓಣಿಗೆ ಎರಡು ವಾರ ಬೇರೆ ಸುದ್ದಿ ಬೇಕಾಗುತ್ತಿರಲಿಲ್ಲ. ಹೊಳೆಯೆಂದರೆ ಅವರಿಗೆ ಚಿಕ್ಕಂದಿನಿಂದ ಭಯ. ಹಬ್ಬದ ಸ್ನಾನಕ್ಕೆ ಬಂದಾಗಲೂ ದಂಡೆಯ ಕಲ್ಲ ಮೇಲೆ ಕೂತು ತಂಬಿಗೆಯಲ್ಲಿ ಸುರಿದುಕೊಂಡು ಎದ್ದವರು.

ಆದರೂ ಬಂದಿದ್ದರು. ಸಂಜೆ ಐದಕ್ಕೆ ಸಬ್ ಇನ್ಸ್‌ಪೆಕ್ಟರ್ ವಿಶ್ವಾಸ ಜೀಪು ತಂದು ದಶರಥನನ್ನು ಕೊಲೆಯ ಆರೋಪದ ಮೇಲೆ ಒಯ್ಯುವವನಿದ್ದ. “ನಿಮ್ಮ ಮಾತಿಗೆ ಐದರ ತನಕ ತಡೀತೇನ್ರಿ ಬಾಯಾರ. ಆಮ್ಯಾಲ ನನ್ನ ಕೈಯಾಗಿಲ್ಲ” ಎಂದಿದ್ದ. ಈಗ ಮೂರೂವರೆ.

ಒಂಬತ್ತು ದಿನದ ಹಿಂದೆ ತೇರದಾಳದ ಜಿನ್ನಪ್ಪನವರ ಮಗ ಕುಣಾಲ, ಇಲ್ಲಿ ಬಂದವರಿಗೆ ಸ್ಕೀ ಕಲಿಸುವ ದಶರಥನ ಹಿಂದೆ ಹಿಂದೆಯೇ ಇನ್ನೊಂದು ಸ್ಕೀ ಓಡಿಸಿಕೊಂಡು ಹೋದವನು, ನಡುಗಡ್ಡೆಯ ತಿರುವಿನಲ್ಲಿ ಇಲ್ಲವಾಗಿದ್ದ. ಸ್ಕೀ ಸಿಕ್ಕಿತು, ಹುಡುಗ ಸಿಗಲಿಲ್ಲ. ಹೆಣ ಸಿಗದಿದ್ದರೇನಂತೆ, ಪೊಲೀಸರಿಗೆ ಸಾಕ್ಷಿ ಸಿಕ್ಕಿತ್ತು. ಆಚೆ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಸಾತವ್ವನ ಜಬಾಬಿನ ಪ್ರತಿ ಸುಹಾಸಿನಿಬಾಯಿಯ ಕೈಚೀಲದಲ್ಲಿತ್ತು:

“ದಶರಥನು ಕುಣಾಲನ ಹತ್ತಿರವಿದ್ದು, ‘ಅವನನ್ನು ಬಿಡಬೇಡ, ಬಿಡಬೇಡ’ ಎಂದು ತನ್ನ ಸಹಚರನಿಗೆ ಕೂಗಿ ಹೇಳಿದ್ದನ್ನು ನಾನು ಖುದ್ದಾಗಿ ಕೇಳಿರುತ್ತೇನೆ.”

ಸುಹಾಸಿನಿಬಾಯಿ ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಮಾತನ್ನು ಟೈಪು ಮಾಡಿದವರು. ಸಾಕ್ಷಿ ಆಡಿದ ಮಾತು ಬೇರೆ, ಕಾಗದದ ಮೇಲೆ ಕೂತ ಮಾತು ಬೇರೆ ಎಂಬುದು ಅವರ ಬೆರಳುಗಳಿಗೇ ಗೊತ್ತಿತ್ತು. ಎಮ್ಮೆ ಕಾಯುವ ಸಾತವ್ವ ಹುಟ್ಟಿದಾಗಿನಿಂದ ‘ಕೇಳಿರುತ್ತೇನೆ’ ಎಂದವಳಲ್ಲ. ‘ಸಹಚರ’ ಎಂದರೆ ಯಾವ ಊರು ಎಂದು ಕೇಳುವವಳು.

ಹಾಗಾದರೆ ಅವಳು ಅಂದದ್ದೇನು? ಅದನ್ನು ತಿಳಿಯಲೆಂದೇ ಅವರು ಹೊಳೆಗಿಳಿದಿದ್ದರು.

“ಇನ್ನ ಚಾಲೂ ಮಾಡೂನೇನ್ರಿ?” ದಶರಥ ಕೇಳಿದ. “ಮೊದಲ ಈ ಕೆಂಪ ಹಗ್ಗಾ ಕೈಗೆ ಹಾಕ್ಕೊಳ್ರಿ.”

ಸುರುಳಿ ಸುರುಳಿಯಾದ ಕೆಂಪು ಹಗ್ಗ. ಒಂದು ತುದಿಗೆ ಬಳೆಯಂಥ ಪಟ್ಟಿ, ಅದು ಮಣಿಕಟ್ಟಿಗೆ. ಇನ್ನೊಂದು ತುದಿ ಹ್ಯಾಂಡಲ್ಲಿನ ಗುಂಡಿಯ ಕೆಳಗೆ ಸಿಕ್ಕಿಸಿತ್ತು.

“ಇದ್ಯಾಕೋ?”

“ನೀವ ನೀರಾಗ ಬಿದ್ರ ನಿಮ್ಮ ಜೋಡಿ ಹಗ್ಗಾನೂ ಕಿತ್ಕೊಂಡ ಬರತೈತ್ರಿ. ಹಗ್ಗ ಕಿತ್ತತಂದ್ರ ಮಷೀನ ಬಂದ್. ಇಲ್ಲಂದ್ರ ಮನಷ್ಯಾ ಇಲ್ಲಿ, ಮಷೀನ ಬೀಳಗಿಗೆ.”

ಅವನು ಪಟ್ಟಿ ಕಟ್ಟಿ, ಒಳಗೆ ಒಂದು ಬೆರಳು ತೂರಿಸಿ ನೋಡಿ, ಬಿಗಿಯಾಯಿತೇ ಎಂದು ಕೇಳಿ, ಮತ್ತೆ ಸಡಿಲಿಸಿ ಕಟ್ಟಿದ. ಸ್ವಂತ ತಾಯಿಗೆ ಬಳೆ ತೊಡಿಸುವಂಥ ಜತನ. ಅವನ ತಾಯಿ ರತ್ನಾಬಾಯಿ ಮೊನ್ನೆ ಸುಹಾಸಿನಿಬಾಯಿಯ ಕಟ್ಟೆಯ ಮೇಲೆ ಕೂತು, “ನನ್ನ ಮಗಾ ಇರವಿ ತುಳದಾಂವಲ್ರಿ” ಎಂದಷ್ಟೇ ಹೇಳಿ ಎದ್ದು ಹೋಗಿದ್ದಳು. ಇಂಥ ಕೈ ಒಬ್ಬನನ್ನು ನೀರಿಗೆ ನೂಕಿತೆಂದು ನಂಬಲು ಸುಹಾಸಿನಿಬಾಯಿಗೆ ಆಗಲೇ ಕಷ್ಟವಾಗತೊಡಗಿತ್ತು.

ಸ್ಕೀ ಹೊರಟಿತು. ಸುಹಾಸಿನಿಬಾಯಿ ಕಣ್ಣು ಮುಚ್ಚಿ ಪಾಂಡುರಂಗನನ್ನು ನೆನೆದರು.

“ಕಣ್ಣ ತಗೀರಿ, ಬಾಯಾರ!”

ತೆರೆದರು. ಬ್ಯಾರೇಜಿನ ಹಿನ್ನೀರು ಕಣ್ಣು ಹಾಯುವವರೆಗೂ ಹರಡಿತ್ತು. ಈಚೆ ಕಬ್ಬು, ಆಚೆ ಜೋಳ, ನಡುವೆ ಜಾಲಿಕಂಟಿ ಬೆಳೆದ ನಡುಗಡ್ಡೆ. ಗಾಳಿ ಮುಖಕ್ಕೆ ಬಡಿದಾಗ, ಇಷ್ಟು ವರ್ಷ ಈ ಚಂದವನ್ನು ದಂಡೆಯಲ್ಲೇ ಕೂತು ಕಳೆದುಕೊಂಡೆನಲ್ಲ ಎಂದು ಅವರಿಗೆ ಖರೆಯೇ ಬೇಸರವಾಯಿತು.

ಪ್ರಾಚಿಯನ್ನೂ ಒಮ್ಮೆ ಇಲ್ಲಿಗೆ ಕರೆತರಬೇಕು ಎಂದುಕೊಂಡವರು ತಕ್ಷಣ ನಾಲಿಗೆ ಕಚ್ಚಿಕೊಂಡರು. ಕುಣಾಲನ ಅಕ್ಕನನ್ನು ಈ ನೀರಿಗೆ ಕರೆತರುವುದೆ?

ಪ್ರಾಚಿ ಮೂರು ವರ್ಷದಿಂದ ಅವರ ಮನೆಯ ಅಟ್ಟದ ಮೇಲಿನ ಖೋಲಿಯಲ್ಲಿ ಬಾಡಿಗೆಗಿದ್ದವಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಮಕ್ಕಳಿಲ್ಲದ ಸುಹಾಸಿನಿಬಾಯಿಗೆ ಮೊದಲ ವರ್ಷ ಬಾಡಿಗೆಯವಳಾಗಿದ್ದಳು, ಈಗ ಮಗಳೇ. ಜೈನರ ಹುಡುಗಿ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕಾಲೇಜಿನಿಂದ ತಡವಾಗಿ ಬಂದರೆ ಉಪವಾಸ ಬೀಳುತ್ತಾಳೆಂದು ಸುಹಾಸಿನಿಬಾಯಿ ಐದೂವರೆಗೇ ತಾಟು ಹಿಡಿದು ಬಾಗಿಲಲ್ಲಿ ಕಾಯುತ್ತಾರೆ. ಅವಳು ಮೆಟ್ಟಿಲು ಹತ್ತುತ್ತಲೇ ತಮ್ಮನಿಗೆ ಫೋನು ಹಚ್ಚುತ್ತಿದ್ದಳು: “ಗುಬ್ಬಿ, ಉಂಡ್ಯೇನೋ?” ಆರಡಿ ಎತ್ತರದ ಗುಬ್ಬಿ ಅದು. ಸುಹಾಸಿನಿಬಾಯಿಯೂ ತಮಾಷೆಗೆ ಕೆಳಗಿನಿಂದ, “ಗುಬ್ಬಿ ಊಟಾ ಮಾಡಿದ್ನೇನವಾ?” ಎಂದು ಕೂಗುವುದಿತ್ತು.

ಅದು ನಡೆದ ದಿನ ಪ್ರಾಚಿ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದಳಂತೆ. ಅಂದಿನಿಂದ ರಜೆ ಹಾಕಿ ಖೋಲಿ ಬಿಟ್ಟು ಹೊರಗೆ ಬಂದಿಲ್ಲ. ಹಲ್ಲಿಗೆ ಹತ್ತದಂಥ ಮೆತ್ತನ್ನ ಅನ್ನ ಬೇಕೆನ್ನುತ್ತಾಳೆ. ಪಾತ್ರೆ ತುಂಬ ಕೊಟ್ಟರೂ ತಳ ತೊಳೆದು ಹಿಂದೆ ಕಳಿಸುತ್ತಾಳೆ. ಅಷ್ಟಾದರೂ ತಿನ್ನುತ್ತಿದೆಯಲ್ಲ ಕೂಸು ಎಂಬುದೊಂದೇ ಸಮಾಧಾನ. ಇಂದು ಬೆಳಿಗ್ಗೆ, “ಹೊಳಿಗೆ ಹೊಂಟೀನಿ, ನಿನ್ನ ಚೂಡಿದಾರ ಕೊಡು” ಎಂದಾಗ ಅವಳು ಇದ್ದುದರಲ್ಲಿ ಹೊಸದನ್ನೇ ತಂದುಕೊಟ್ಟಿದ್ದಳು.

“ಬಾಯಾರ, ಮುಂದ ಕಲ್ಲ ಐತಿ! ಎಡಕ್ಕ ತಿರುವ್ರಿ!”

ನೀರಿನಿಂದ ಎದ್ದ ಕರೀ ಬಂಡೆ ಎದುರಿಗೇ ಬರುತ್ತಿತ್ತು. ಸುಹಾಸಿನಿಬಾಯಿ ಹೆದರಿದವರೆಲ್ಲ ಮಾಡುವುದನ್ನೇ ಮಾಡಿದರು. ಬಲಗೈ ಕೆಳಗಿನ ಎಕ್ಸಲರೇಟರ್ ಬಿಟ್ಟು, ಹ್ಯಾಂಡಲ್ಲನ್ನು ಎಡಕ್ಕೆ ಎಳೆದರು. ಹ್ಯಾಂಡಲ್ ತಿರುಗಿತು, ಸ್ಕೀ ತಿರುಗಲಿಲ್ಲ. ನೆಟ್ಟಗೆ ಬಂಡೆಯ ಕಡೆಗೇ ಜಾರಿತು.

“ಬಿಡಬ್ಯಾಡ್ರಿ! ಬಿಡಬ್ಯಾಡ್ರಿ! ಒತ್ರಿ, ಒತ್ತಿ ತಿರುವ್ರಿ!”

ಅವರ ಬೆರಳ ಮೇಲೆ ತನ್ನ ಬೆರಳಿಟ್ಟು ದಶರಥ ಒತ್ತಿದ. ಸ್ಕೀ ಗುರ್ರೆಂದು ಎಡಕ್ಕೆ ಹೊರಳಿತು. ಬಂಡೆ ಮೊಳದಷ್ಟು ದೂರದಲ್ಲಿ ಹಿಂದೆ ಸರಿಯಿತು. ನೀರು ಎದ್ದು ಇಬ್ಬರ ಮೇಲೂ ಬಿತ್ತು.

ಸುಹಾಸಿನಿಬಾಯಿಗೆ ಹೆದರಲಿಕ್ಕೆ ಪುರುಸೊತ್ತಾಗಲಿಲ್ಲ. ಅವರ ಕಿವಿಯಲ್ಲಿ ಒಂದೇ ಮಾತು ಮೊಳಗುತ್ತಿತ್ತು.

“ಏನಂದಿ ಈಗ?”

“ಸಿಟ್ಟಾಗಬ್ಯಾಡ್ರಿ, ಗಾಬರ್ಯಾಗ ಒದರಿದೆ. ಇದಕ್ಕ ಬ್ರೇಕ್ ಇಲ್ರಿ. ಎಕ್ಸಲೇಟರ್ ಬಿಟ್ರ ತಿರಗೂದೂ ಇಲ್ಲ. ಹೊಸಬರು ಹೆದರಿ ಬಿಟ್ಟ ಬಿಡತಾರ. ಅದಕ್ಕ ಬಿಡಬ್ಯಾಡ, ಬಿಡಬ್ಯಾಡ ಅಂತ ದಿನಾ ನೂರ ಸಲಾ ಒದರಿ ನನ್ನ ಗಂಟಲಾ ಹೋಗೇತಿ.”

“ಮಷೀನು ಬಂದ್ ಮಾಡು.”

ಅವನು ಕೆಂಪು ಗುಂಡಿ ಒತ್ತಿದ. ಹೊಳೆಯ ಮೇಲೆ ಒಮ್ಮೆಗೇ ನಿಶ್ಶಬ್ದ.

ಬಿಡಬ್ಯಾಡ! ಯಾರನ್ನು, ಏನನ್ನು, ಅದು ಮಾತಿನಲ್ಲೇ ಇಲ್ಲ. ‘ಅವನನ್ನು’ ಎಂಬುದನ್ನು ಬರೆದುಕೊಂಡವನು ಸೇರಿಸಿದ್ದಾನೆ! ವ್ಯಾಕರಣ ಸರಿಹೋಯಿತು, ಒಬ್ಬ ಮನುಷ್ಯ ಕೊಲೆಗಾರನಾದ. ಸುಹಾಸಿನಿಬಾಯಿಗೆ ಖುಷಿಯಿಂದ ಕಣ್ಣು ತುಂಬಿದವು.

“ದಶರಥ, ನೀ ಪಾರಾದಿ! ಅವತ್ತ ಕುಣಾಲಗೂ ಹಿಂಗ ಕೂಗಿದ್ಯಲ್ಲಾ? ಎಕ್ಸಲೇಟರ್ ಬಿಡಬ್ಯಾಡ ಅಂತ?”

ಅವರು ಹೆದರಿ ಹೆದರಿ ಅರ್ಧ ತಿರುಗಿ ನೋಡಿದರು. ಅವನು ನೀರು ನೋಡುತ್ತ ಕೂತಿದ್ದ.

“ಇಲ್ರಿ.”

“ನೆನಪು ಮಾಡ್ಕೋ.”

“ನೆನಪ ಐತ್ರಿ. ಮೊದಲ ಸುತ್ತಿನ್ಯಾಗ ಒದರಿದ್ದೆ, ಈ ದಂಡ್ಯಾಗ. ಎರಡನೇ ಸುತ್ತಿಗೆ ಅಂವ ಛಲೋ ಹೊಡ್ಯಾಕತ್ತಿದ್ದ. ನಾ ಮುಂದ ಹ್ವಾದೆ. ನಡಗಡ್ಡಿ ದಾಟಿ ತಿರುಗಿ ನೋಡತೇನಿ, ಅಂವ ಇಲ್ಲ. ಆ ದಂಡಿ ಕಡೆ ನಾ ಒಂದ ಮಾತೂ ಆಡಿಲ್ಲ.”

“ಆ ದಂಡ್ಯಾಗೂ ಒಂದು ಸಲಾ ಕೂಗಿದ್ದೆ ಅಂದ್ರ ಸಾಕೋ. ಸಾತವ್ವನ ಜಬಾಬು ಅಲ್ಲಿಗೇ ಬಿದ್ದು ಹೋಗ್ತದ. ಇವತ್ತು ಸಂಜೀಗೆ ನೀ ನಿಮ್ಮವ್ವನ ಕೈಯಾಗಿನ ರೊಟ್ಟಿ ತಿಂತಿ.”

ಹೇಳಿಯಾದ ಮೇಲೆ ಅವರಿಗೇ ನಾಚಿಕೆಯಾಯಿತು. ಮೂವತ್ತನಾಲ್ಕು ವರ್ಷ ಯಾವ ಸಾಕ್ಷಿಯ ಬಾಯಿಗೂ ಮಾತು ತುರುಕದವರು ಇಂದು ನಡುನೀರಿನಲ್ಲಿ ತುರುಕಿದ್ದರು.

ದಶರಥ ಮೆಲ್ಲಗೆ ಹೇಳಿದ. “ನಾ ಒದರಿದ್ದೆ ಅಂತ ಸುಳ್ಳ ಹೇಳಿದ್ರ, ಖರೆ ಒದರಿದವರನ್ನ ಯಾರೂ ಹುಡಕೂದಿಲ್ರಿ. ಆ ಹುಡುಗನ ಮನ್ಯಾಗೂ ದಾರಿ ಕಾಯಾಕತ್ತಾರಲ್ರಿ, ಬಾಯಾರ. ಅವರಕ್ಕಾರು ನಿಮ್ಮ ಮನ್ಯಾಗ ಅದಾರಂತ ನಮ್ಮವ್ವ ಹೇಳಿದ್ಲು.”

ಸುಹಾಸಿನಿಬಾಯಿ ಕೈ ಹಿಂದೆ ಚಾಚಿ ಅವನ ಮೊಣಕಾಲು ತಟ್ಟಿದರು. ಇವನನ್ನು ಉಳಿಸಬೇಕು. ಹಾಗೆಂದು ಸುಳ್ಳಿನಿಂದಲ್ಲ.

ಮಣಿಕಟ್ಟಿನ ಕೆಂಪು ಹಗ್ಗ ಕಣ್ಣಿಗೆ ಬಿತ್ತು.

“ಅವತ್ತು ಈ ಹಗ್ಗ ಎಲ್ಲಿತ್ತು?”

“ಹ್ಯಾಂಡಲ್ಲಿಗೆ ಸುತ್ತಿತ್ರಿ. ಪಂಚನಾಮೆದಾಗ ‘ಹಗ್ಗ ಒಂದು’ ಅಂತ ಬರದಾರ.”

“ಗುಂಡಿ ಕೆಳಗ ಸಿಕ್ಕಿಸಿದ್ದ ತುದಿ?”

“ಸಿಕ್ಕಿಸಿದಂಗ ಇತ್ತು.”

“ಮಷೀನು?”

“ಬಂದ್ ಇತ್ರಿ.”

“ಬಿದ್ದಿದ್ರ ಹಗ್ಗ ಕೀಳಬೇಕಿತ್ತು. ಹಗ್ಗ ಕಿತ್ತಿಲ್ಲ. ಹಂಗಾದ್ರ ಮಷೀನು ಬಂದ್ ಮಾಡಿದವ್ರು ಯಾರೋ?”

“ಕೆಂಪ ಗುಂಡಿ ಒತ್ತಬೇಕ್ರಿ,” ಎಂದ ದಶರಥ. “ಬೀಳಾವ ಗುಂಡಿ ಒತ್ತಿ ಬೀಳೂದಿಲ್ಲ.”

“ಹಗ್ಗ ಬಿಚ್ಚಿ ಸುತ್ತಿಟ್ಟೂ ಬೀಳೂದಿಲ್ಲ. ಅವ ಇಳದು ಹೋಗ್ಯಾನೋ, ದಶರಥ. ತಾನಾಗೇ ಇಳದು ಹೋಗ್ಯಾನ!”

“ಬದುಕ್ಯಾನೇನ್ರಿ ಹಂಗಾರ?” ಕೇಳುತ್ತ ಅವನ ದನಿ ಒಡೆಯಿತು. ತನ್ನ ತಲೆಯ ಮೇಲಿನ ಕತ್ತಿಯನ್ನು ಮರೆತು ಅವನು ಸಂತೋಷಪಟ್ಟದ್ದನ್ನು ಕಂಡು ಸುಹಾಸಿನಿಬಾಯಿ ಆಚೆ ದಂಡೆಗೆ ಬೆರಳು ತೋರಿಸಿದರು.

“ಆ ದಂಡಿಗೆ ಹೊಡಿ. ಸಾತವ್ವನ್ನ ಕೇಳೋಣು.”

* * *

ಸಾತವ್ವ ಎಮ್ಮೆಗಳನ್ನು ನೀರಿಗೆ ಬಿಟ್ಟು, ಜೋಳದ ಹೊಲದ ಬದುವಿನಲ್ಲಿ ಸೀತನಿ ಸುಡುತ್ತ ಕೂತಿದ್ದಳು. ಹಸಿ ತೆನೆ ಬೆಂದ ವಾಸನೆ ದಂಡೆಯವರೆಗೂ ಬರುತ್ತಿತ್ತು. ದಶರಥನನ್ನು ಕಂಡವಳೇ ಮುದುಕಿ ಎದ್ದು ನಿಂತಳು.

“ಲೇ ತಮ್ಮಾ, ನಿನ್ನ ಹಿಡದಿಲ್ಲೇನೋ ಇನ್ನಾ? ಛಲೋ ಆತು ಬಿಡು. ಬರ್ರಿ ಬಾಯಾರ, ಕುಂದರ್ರಿ. ನೀರಾಗಿನ ಮೋಟರಸೈಕಲ್ ಮ್ಯಾಲ ಬಂದ್ರೇನ್ರಿ ಈ ವಯಸ್ಸಿನ್ಯಾಗ? ಶಭಾಶ್!”

ಬಿಸಿ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಮೊದಲು ದಶರಥನ ಕೈಗೇ ಹಾಕಿದಳು. ತನ್ನ ಹೆಬ್ಬೆಟ್ಟಿನಿಂದ ಅವನು ಜೈಲಿಗೆ ಹೋಗುವವನಿದ್ದಾನೆಂಬುದು ಅವಳಿಗೆ ಗೊತ್ತಿರಲೇ ಇಲ್ಲ.

ಸುಹಾಸಿನಿಬಾಯಿ ಜಬಾಬು ಓದಿ ಹೇಳಿದರು. ಮುದುಕಿಯ ಮುಖ ಕಪ್ಪಿಟ್ಟಿತು.

“ಯವ್ವಾ! ಹಿಂಗ ನಾ ಎಲ್ಲಿ ಹೇಳಿದ್ನಿ? ‘ದಶರಥ ಹೊಳ್ಯಾಗ ಇದ್ನೇನು?’ ಅಂದ್ರು. ‘ಇದ್ದ’ ಅಂದ್ನಿ. ‘ಏನರ ಒದರಿದ್ದು ಕೇಳಿಸ್ತೇನು?’ ಅಂದ್ರು. ‘ಬಿಡಬ್ಯಾಡ ಅಂತ ಕೇಳಿಸ್ತು’ ಅಂದ್ನಿ. ಇಂವನ ಒದರಿದಾ ಅಂತ ಯಾವಾಗ ಅಂದ್ನಿ?”

ಎರಡು ಉತ್ತರ, ಒಂದು ಹೊಲಿಗೆ. ಸುಹಾಸಿನಿಬಾಯಿ ಹಾಳೆಯನ್ನು ಮಡಿಚಿದರು. ಕೋರ್ಟಿನಲ್ಲಿ ಸಾಹೇಬರು ಸಾಕ್ಷಿಗೆ ಹೇಳುತ್ತಿದ್ದ ಮಾತನ್ನೇ ಹೇಳಿದರು.

“ಸಾತವ್ವ, ಅವತ್ತು ಹೆಂಗ ಕೇಳಿಸ್ತೋ ಹಂಗ ಅಂದು ತೋರಸು. ನಿನ್ನ ಮಾತು ಬ್ಯಾಡ, ಅವರ ಮಾತು.”

“ಜ್ವಾಳದಾಗ ಗುಬ್ಬಿ ಕಾಯವ್ರು ಒದರಿದ್ರು ಅಂತ ನಾ ತಿಳದಿದ್ನ್ರಿ. ತೆನಿ ಹಾಲಗಟ್ಟಿದ ಹೊತ್ತಲ್ಲ? ಗುಬ್ಬಿ ಬಿಡಬ್ಯಾಡ, ಹೊಡಿ, ಅಂತ ಒದರತಿರತಾರ. ಅದನ್ನೂ ಹೇಳಿದ್ನಿ. ಬರಕೊಳ್ಳಾವ ‘ಗುಬ್ಬಿ ಗಿಬ್ಬಿ ಬ್ಯಾಡ ಮುದಕಿ, ಹೊಳೀದಷ್ಟ ಹೇಳು’ ಅಂದ.”

ಸುಹಾಸಿನಿಬಾಯಿಯ ಕೈಯಲ್ಲಿದ್ದ ಕಾಳು ನೆಲಕ್ಕೆ ಬಿತ್ತು.

“ಅಂದು ತೋರಸು.”

ಸಾತವ್ವ ಸೆರಗು ಸರಿ ಮಾಡಿಕೊಂಡು ಹೊಳೆಯ ಕಡೆ ತಿರುಗಿದಳು. ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.

“ಬಿಡಬ್ಯಾಡೋ ಗುಬ್ಬೀ... ಬಿಡಬ್ಯಾಡೋ...”

ನೀರಿನಲ್ಲಿದ್ದ ಎಮ್ಮೆಗಳು ತಲೆ ಎತ್ತಿ ನೋಡಿದವು.

“ಗಂಡಸಿನ ದನಿಯೇನು?”

“ಹೆಣ್ಣ ದನಿರೀ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ. ಅಳಾಕತ್ತಿದ್ಲು. ಗುಬ್ಬಿ ತೆನಿ ತಿಂದ್ರ ಇಷ್ಟ್ಯಾಕ ಅಳಬೇಕಬೇ ಅಂತ ನನಗೂ ಅನಿಸಿತ್ತ ನೋಡ್ರಿ.”

ಗುಬ್ಬಿಯನ್ನು ಬಿಡಬೇಡ ಎಂದಲ್ಲ. ಗುಬ್ಬೀ, ನನ್ನನ್ನು ಬಿಡಬೇಡ ಎಂದು.

ಈ ದಂಡೆಯಲ್ಲಿ ನಿಂತು, ಸ್ಕೀ ಬಿಟ್ಟು ಇಳಿದು ಬರುತ್ತಿದ್ದ ತಮ್ಮನನ್ನೋ, ಬಿಟ್ಟು ಹೋಗುತ್ತಿದ್ದ ತಮ್ಮನನ್ನೋ ಅಕ್ಕ ಕೂಗಿದ್ದಳು. ಪರೀಕ್ಷೆಯೂ ಇಲ್ಲ, ಕಾಲೇಜೂ ಇಲ್ಲ. ಮೂರು ವರ್ಷ ತಾವು ಕೈಯಾರೆ ಉಣಿಸಿದ ಹುಡುಗಿ ಒಂಬತ್ತು ದಿನ ತಮ್ಮೆದುರು ಸುಳ್ಳು ಹೇಳಿದ್ದಳು. ಸುಹಾಸಿನಿಬಾಯಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟು ಹೆದರಿದ್ದರೆ ಆ ಕೂಸು ಹೀಗೆ ಮಾಡಿತೋ ಎಂದು ಸಂಕಟವಾಯಿತು.

“ಗೊತ್ತಾತೇನ್ರಿ ಬಾಯಾರ, ಯಾರಂತ?” ದಶರಥ ಕೇಳಿದ.

ಅವರು ಉತ್ತರಿಸುವ ಮೊದಲೇ ಕೊರಳಿಗೆ ತೂಗುಬಿಟ್ಟ ಪ್ಲಾಸ್ಟಿಕ್ ಚೀಲದೊಳಗೆ ಫೋನು ಕುಣಿಯಿತು. ಪ್ರಾಚಿ.

ಅವರು ನಾಲ್ಕು ಹೆಜ್ಜೆ ಆಚೆ ಸರಿದು, ಜೋಳದ ಸಾಲಿನ ಪಕ್ಕ ನಿಂತು ಫೋನು ಕಿವಿಗಿಟ್ಟರು.

“ಕಾಕು, ಸುಸೂತ್ರ ದಂಡಿಗೆ ಬಂದ್ರೇನ್ರಿ? ಬೆಳಿಗ್ಗಿಂದ ನಂಗ ಜೀವದಾಗ ಜೀವ ಇಲ್ಲ. ನಿಮಗ ಈಜಾಕ ಬರೂದಿಲ್ಲ.”

ಆ ದನಿಯಲ್ಲಿ ಕಪಟವಿರಲಿಲ್ಲ. ಅದೇ ಕಷ್ಟವಾದದ್ದು. ಕೇಳಬೇಕಾದ ಪ್ರಶ್ನೆಗಳು ಹತ್ತಿದ್ದವು: ಯಾಕೆ ಹೋಗಿದ್ದಿ, ಯಾರಿಗೆ ಹೆದರಿದಿ, ಎಲ್ಲಿ ಅವನು? ಸುಹಾಸಿನಿಬಾಯಿ ಒಂದನ್ನೂ ಕೇಳಲಿಲ್ಲ. ಮೆಟ್ಟಿಲ ಕೆಳಗಿನಿಂದ ದಿನಾ ಕೇಳುತ್ತಿದ್ದುದನ್ನೇ ಕೇಳಿದರು.

“ಗುಬ್ಬಿ ಊಟಾ ಮಾಡಿದ್ನೇನವಾ?”

ಆಚೆ ಕಡೆಯಿಂದ ಬಿಕ್ಕಳಿಕೆ, ಅದರ ಹಿಂದೆ ಮಾತು.

“ನೀವ ಕೊಟ್ಟ ಅನ್ನ ಇವತ್ತ ಎರಡ ತುತ್ತ ತಿಂದಾನ್ರಿ, ಕಾಕು. ಜ್ವರಾ ಇನ್ನೂ ಇಳದಿಲ್ಲ.”

ತಮ್ಮದೇ ಮನೆ! ತಮ್ಮದೇ ತಲೆಯ ಮೇಲಿನ ಖೋಲಿ! ಊರೆಲ್ಲ ಹೊಳೆಯಲ್ಲಿ ಹುಡುಕಿದವನಿಗೆ ಒಂಬತ್ತು ದಿನದಿಂದ ಅನ್ನ ಬೇಯಿಸಿ ಹಾಕಿದವರು ತಾವೇ.

“ಯಾರಿಗೂ ಹೇಳಬ್ಯಾಡ್ರಿ. ಪೊಲೀಸ್ರಿಗೂ ಬ್ಯಾಡ, ಅಪ್ಪಾಜಿಗಂತೂ ಬ್ಯಾಡ. ಅಪ್ಪಾಜಿಗೆ ಹೆದರೇ ಅಂವ ಹಿಂಗ ಓಡಿ ಬಂದಾನ, ತಿಳಿದ್ರ ಅಂವ ನನಗ ಉಳಿಯೂದಿಲ್ಲ. ನಮ್ಮನ್ನ ಬಿಡಬ್ಯಾಡ್ರಿ, ಕಾಕು...”

ಹೊಳೆಯ ಆ ಕಡೆ, ಅವರು ಹೊರಟು ಬಂದ ದಂಡೆಯಲ್ಲಿ ಜೀಪೊಂದು ಬಂದು ನಿಂತಿತು. ವಿಶ್ವಾಸ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ. ಇಬ್ಬರು ಪೇದೆಗಳು ಇಳಿದು ಹಣೆಗೆ ಕೈ ಹಚ್ಚಿ ಈ ಕಡೆ ನೋಡತೊಡಗಿದರು.

ದಶರಥ ಅವರನ್ನು ನೋಡಿದ. ಓಡಲಿಲ್ಲ. ಮರಳಿ ಹೋಗಲು ಸ್ಕೀಯನ್ನು ನೀರಿಗೆ ತಳ್ಳಿ, ಕೆಂಪು ಹಗ್ಗ ಹಿಡಿದು ಸುಹಾಸಿನಿಬಾಯಿಯ ಹತ್ತಿರ ಬಂದ. ಅವರ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಒಳಗೆ ಬೆರಳು ತೂರಿಸಿ, ಬಿಗಿಯಾಯಿತೇ ಎಂದು ನೋಡಿದ.

“ಯಾರರ ಫೋನ್ ರೀ, ಬಾಯಾರ? ಆ ಹುಡುಗನ ಸುದ್ದಿ ಏನರ ಸಿಕ್ತೇನ್ರಿ?”